ಸಹಿ ಹಾಕುವ ಮುನ್ನ ಪದ ಬಿಡಿಸಿ ಓದೋಣ

ಆಸ್ಪತ್ರೆಯಿಂದ ಮನೆಗೆ ಮರಳಿದವರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರಿಗೆ ತೋರಿಸುತ್ತಾರೆ. ಇಲ್ಲವಾದರೆ ಪಕ್ಕದ ಮನೆಯವರಿಗೆ, ಊರಿನ ಮೇಷ್ಟ್ರಿಗೆ. ನಮ್ಮ ಬಳಿಗೂ ಅಂಥ ಹಾಳೆಗಳು ಬಂದಿವೆ. ಒಮ್ಮೆ ನಡುವಯಸ್ಸಿನ ತಾಯಿಯೊಬ್ಬರು ಮಡಚಿ ಮಡಚಿ ಹರಿಯುವಂತಾಗಿದ್ದ ಕಾಗದವೊಂದನ್ನು ಮುಂದಿಟ್ಟು, "ನನಗೆ ಯಾವ ಆಪರೇಷನ್ ಮಾಡಿದ್ದಾರೆ, ನೋಡಿ ಹೇಳಿ" ಎಂದರು. ಆಪರೇಷನ್ ಆಗಿ ಎರಡು ವರ್ಷ ಕಳೆದಿತ್ತು. ಮುಟ್ಟು ನಿಂತದ್ದನ್ನು ಅವರು ವಯಸ್ಸಿನ ಕಾರಣ ಎಂದುಕೊಂಡಿದ್ದರು. ಕಾಗದದಲ್ಲಿ 'ಹಿಸ್ಟರೆಕ್ಟಮಿ' ಎಂದಿತ್ತು. ನಿಮ್ಮ ಗರ್ಭಕೋಶವನ್ನು ತೆಗೆದಿದ್ದಾರೆ ಎಂದು ತಿಳಿಸುವ ಸಂಕಟ ನಮ್ಮ ಪಾಲಿಗೆ ಬಂತು.

ಶಾಲೆಯ ಮಾಧ್ಯಮದ ಬಗ್ಗೆ, ನಾಮಫಲಕಗಳ ಬಗ್ಗೆ ನಾವು ಬಹಳಷ್ಟು ಚರ್ಚಿಸಿದ್ದೇವೆ. ಆದರೆ ಒಬ್ಬ ವ್ಯಕ್ತಿಯ ದೇಹಕ್ಕೆ ಏನಾಯಿತು ಎಂಬುದು ಅವಳಿಗೇ ತಿಳಿಯದಂತೆ ಮಾಡುವ ಭಾಷೆ ನಮ್ಮ ಚರ್ಚೆಗೆ ಬಂದದ್ದು ಕಡಿಮೆ. ವೈದ್ಯರ ಪದಗಳು ವೈದ್ಯರಿಗೆ, ನಮಗೇಕೆ ಎಂಬ ಉದಾಸೀನ ನಮ್ಮದು. ನಿಜಕ್ಕೂ ಆ ಪದಗಳು ಅಷ್ಟು ಕಠಿಣವೇ?

ಅವುಗಳಲ್ಲಿ ಹೆಚ್ಚಿನವು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಕಟ್ಟಿದವು. ನಮ್ಮ ಹಾಡುಗಾರ, ಬೇಟೆಗಾರ, ಮೋಸಗಾರ ಎಂಬ ಪದಗಳಲ್ಲಿ ಕೊನೆಯ 'ಗಾರ' ಎಂಬುದು ಹೇಗೆ ಕೆಲಸ ಮಾಡುತ್ತದೋ, ಅಲ್ಲಿಯೂ ಹಾಗೆಯೇ. ಕೊನೆಯಿಂದ ಓದಬೇಕು. 'ಐಟಿಸ್' ಎಂದು ಮುಗಿದರೆ ಉರಿಯೂತ: ಗ್ಯಾಸ್ಟ್ರೈಟಿಸ್ ಹೊಟ್ಟೆಯದು, ಹೆಪಟೈಟಿಸ್ ಯಕೃತ್ತಿನದು, ಆರ್ಥ್ರೈಟಿಸ್ ಕೀಲಿನದು. 'ಸ್ಕೊಪಿ' ಎಂದರೆ ಉಪಕರಣದಿಂದ ಒಳಗೆ ನೋಡುವುದು. 'ಟಮಿ' ಎಂದರೆ ಕೊಯ್ಯುವುದು, 'ಎಕ್ಟಮಿ' ಎಂದರೆ ಕೊಯ್ದು ತೆಗೆದುಹಾಕುವುದು, 'ಆಸ್ಟಮಿ' ಎಂದರೆ ಹೊಸ ಬಾಯಿ ತೆರೆಯುವುದು. ಪದದ ಮೊದಲಲ್ಲಿ 'ಹೈಪೊ' ಬಂದರೆ ಕಡಿಮೆ, 'ಹೈಪರ್' ಬಂದರೆ ಹೆಚ್ಚು. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇವೆರಡನ್ನು ಅದಲು ಬದಲು ಮಾಡಿಕೊಂಡರೆ, ಸಕ್ಕರೆ ತಿನ್ನಿಸಲೇಬೇಕಾದ ಹೊತ್ತಿನಲ್ಲಿ ತಿನ್ನಿಸದೆ ಜೀವಕ್ಕೇ ಅಪಾಯವಾಗಬಹುದು.

ಇಂಥ ಒಂದೊಂದು ತುಂಡಿಗೆ ಎಷ್ಟು ಬೆಲೆಯಿದೆ ಎಂಬುದನ್ನು 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದರಲ್ಲಿ ಕಾಣಬಹುದು. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಮಹಿಳೆಯೊಬ್ಬರು ದೀರ್ಘಕಾಲದ ರಕ್ತಸ್ರಾವಕ್ಕಾಗಿ ವೈದ್ಯರ ಬಳಿ ಹೋದರು. ಅವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಇದ್ದದ್ದು ಲ್ಯಾಪರೊಸ್ಕೊಪಿ ಮತ್ತು, ಬೇಕಾಗಬಹುದು ಎಂದು, ಲ್ಯಾಪರಾಟಮಿ. ಅಂದರೆ ಹೊಟ್ಟೆಯೊಳಗೆ ನೋಡುವುದು, ಅಗತ್ಯವಾದರೆ ಹೊಟ್ಟೆಯನ್ನು ಕೊಯ್ದು ತೆರೆಯುವುದು. ಪ್ರಜ್ಞೆ ತಪ್ಪಿಸಿದ ಬಳಿಕ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. 'ಸ್ಕೊಪಿ'ಗೆ ಕೊಟ್ಟ ಒಪ್ಪಿಗೆ 'ಎಕ್ಟಮಿ'ಯಾಗಿ ಮುಗಿಯಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯುವುದಕ್ಕೆ ಕೊಟ್ಟ ಒಪ್ಪಿಗೆಯಲ್ಲ, ಪ್ರಾಣಾಪಾಯದ ತುರ್ತು ಇಲ್ಲದಿರುವಾಗ ವಯಸ್ಕ ಮಹಿಳೆಯ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾಗದು ಎಂದು ನ್ಯಾಯಾಲಯ ಹೇಳಿತು. ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಬೇರೆ ದಾರಿಗಳು ಇವೆಲ್ಲವನ್ನೂ ರೋಗಿಗೆ ತಿಳಿಸಬೇಕೆಂದೂ ವಿಧಿಸಿತು. ಆದರೆ ಅರ್ಥವಾಗದ ಪದದಲ್ಲಿ ತಿಳಿಸಿದರೆ ಅದು ತಿಳಿಸಿದಂತಾಗುತ್ತದೆಯೇ?

ಹಾಗಾದರೆ ಕನ್ನಡಕ್ಕೆ ತಂದರೆ ಸಾಕಲ್ಲವೇ ಎನ್ನಬಹುದು. ತಂದದ್ದು ಹೇಗಿದೆ ನೋಡೋಣ. 'ಟಮಿ'ಗೆ ಛೇದನ, 'ಎಕ್ಟಮಿ'ಗೆ ಉಚ್ಛೇದನ. ಗ್ರೀಕಿನ ಗೋಡೆಯನ್ನು ಕೆಡವಿ ಸಂಸ್ಕೃತದ ಗೋಡೆ ಕಟ್ಟಿದ ಹಾಗಾಯಿತು. ಕೊಯ್ಯುವುದಕ್ಕೂ ತೆಗೆಯುವುದಕ್ಕೂ ಇರುವ ಅಂತರ ಇಲ್ಲಿಯೂ ಒಂದು ಉಪಸರ್ಗದಲ್ಲಿ ಅಡಗಿ ಕೂತಿದೆ. 'ಗರ್ಭಕೋಶ ತೆಗೆಯುವುದು' ಎಂದು ಹಳ್ಳಿಯ ಹೆಂಗಸು ಹೇಳುವ ಮಾತು ಇವೆರಡಕ್ಕಿಂತಲೂ ಖಚಿತವಾಗಿದೆ. ಹೊಸ ಪದಗಳನ್ನು ಕನ್ನಡದ್ದೇ ಬೇರುಗಳಿಂದ ಕಟ್ಟಬೇಕೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ ವಾದಿಸಿದರು. ಅವರು ಸೂಚಿಸಿದ ಪದಗಳೆಲ್ಲವನ್ನೂ ಒಪ್ಪಬೇಕಿಲ್ಲ. ಆದರೆ ರೋಗಿಯ ವಿಷಯದಲ್ಲಿ ಆ ವಾದಕ್ಕೆ ಬಲವಿದೆ. ಕಣ್ಣಿನ 'ಪೊರೆ' ಎಂಬ ಅಚ್ಚಗನ್ನಡ ಪದ ಯಾವ ಸಮಿತಿಯ ಅಪ್ಪಣೆಯೂ ಇಲ್ಲದೆ ಇಂದಿಗೂ ಬಳಕೆಯಲ್ಲಿದೆ.

ಆ ಪೊರೆಯ ಇಂಗ್ಲಿಷ್ ಹೆಸರಿನ ಕಥೆಯೇ ಸ್ವಾರಸ್ಯಕರ. ಕಣ್ಣಿಗೆ ನೀರಿಳಿಯುವುದರಿಂದ ಈ ರೋಗ ಬರುತ್ತದೆಂದು ಹಿಂದಿನವರು ಭಾವಿಸಿದ್ದರು. ಅರಬಿ ವೈದ್ಯರು ಅದನ್ನು 'ನೀರಿಳಿತ' ಎಂಬರ್ಥದ ಸರಳ ಮಾತಿನಲ್ಲಿ ಕರೆದರು. ಅದು ಲ್ಯಾಟಿನ್ನಿಗೆ ಹೋಗಿ, ಜಲಪಾತ ಎಂಬರ್ಥದ 'ಕ್ಯಾಟರಾಕ್ಟ್' ಆಯಿತು. ಔಷಧದ 'ಸಿರಪ್' ಮತ್ತು ನಾವು ಇಫ್ತಾರಿಗೆ ಕುಡಿಯುವ ಶರಬತ್ತು ಎರಡೂ, ಕುಡಿಯುವುದು ಎಂಬರ್ಥದ ಒಂದೇ ಅರಬಿ ಧಾತುವಿನಿಂದ ಬಂದವು. 9ನೇ ಶತಮಾನದ ಬಗ್ದಾದಿನಲ್ಲಿ ಗ್ಯಾಲೆನನ ಗ್ರಂಥಗಳನ್ನು ಸಿರಿಯಾಕ್‌ಗೂ ಅರಬಿಗೂ ತಂದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತ ವೈದ್ಯರು. ಹಸ್ತಪ್ರತಿಗಳನ್ನು ಹೋಲಿಸಿ, ಪದಕ್ಕೆ ಪದ ಇಡದೆ ಅರ್ಥವನ್ನು ಅನುವಾದಿಸಿದ್ದು ಅವರ ಹಿರಿಮೆ. ಆ ಪರಂಪರೆಯನ್ನು ಹೊಗಳಿಕೊಳ್ಳುವ ನಾವು, ನಮ್ಮ ಕೇರಿಯ ತಾಯಿಗೆ ಒಂದು ಪದದ ಅರ್ಥ ಹೇಳದಿದ್ದರೆ ಆ ಹೊಗಳಿಕೆಗೆ ಏನು ಬೆಲೆ?

ಒಂದು ಎಚ್ಚರಿಕೆಯೂ ಬೇಕು. ಪದ ಬಿಡಿಸಿದ ಮಾತ್ರಕ್ಕೆ ರೋಗ ತಿಳಿಯುವುದಿಲ್ಲ. ಹಿಸ್ಟೀರಿಯಾ ಎಂಬುದು ಗರ್ಭಕೋಶವೆಂಬ ಗ್ರೀಕ್ ಪದದಿಂದಲೇ ಹುಟ್ಟಿತು. ಹೆಣ್ಣಿನ ಮನೋವ್ಯಥೆಗೆ ಗರ್ಭಕೋಶವೇ ಕಾರಣವೆಂಬ ಹಳೆಯ ತಪ್ಪು ಆ ಹೆಸರಿನಲ್ಲಿ ಉಳಿದುಬಿಟ್ಟಿತು. ಟ್ಯುಬೆಕ್ಟಮಿಯಲ್ಲಿ ಸಾಮಾನ್ಯವಾಗಿ ಇಡೀ ನಾಳವನ್ನು ತೆಗೆಯುವುದಿಲ್ಲ. ಆದ್ದರಿಂದ ಪದಜ್ಞಾನ ವೈದ್ಯರಿಗೆ ಬದಲಿಯಲ್ಲ, ಅವರನ್ನು ಸರಿಯಾದ ಪ್ರಶ್ನೆ ಕೇಳಲು ಬೇಕಾದ ಧೈರ್ಯ.

ನಮ್ಮ ಹೆಂಗಸರಿಗೆ ಆ ಧೈರ್ಯ ಇಂದು ಅಗತ್ಯ. ಸಂತಾನಹರಣ ಚಿಕಿತ್ಸೆಯೂ 'ಆಪರೇಷನ್', ಹೆರಿಗೆಯದೂ 'ಆಪರೇಷನ್', ಗರ್ಭಕೋಶ ತೆಗೆಯುವುದೂ 'ಆಪರೇಷನ್' ಎನ್ನುವಲ್ಲಿ ಮೋಸಕ್ಕೆ ಜಾಗವಿದೆ. ಬಡ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯುತ್ತಿರುವ ದೂರಿನ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶನ ನೀಡಬೇಕಾಯಿತು ಎಂಬುದನ್ನು ಮರೆಯದಿರೋಣ.

ವೈದ್ಯೆಯಾಗಿದ್ದ ಅನುಪಮಾ ನಿರಂಜನ 'ತಾಯಿ-ಮಗು', 'ಕೇಳು ಕಿಶೋರಿ'ಯಂಥ ಪುಸ್ತಕಗಳಲ್ಲಿ ಹೆಣ್ಣಿನ ದೇಹವನ್ನು ಕುರಿತು ಮನೆಮಾತಿನ ಕನ್ನಡದಲ್ಲಿ ಬರೆದು ತೋರಿಸಿದರು. ಆದ್ದರಿಂದ ಅದು ಆಗದ ಕೆಲಸವೇನಲ್ಲ. ಒಪ್ಪಿಗೆ ಪತ್ರದಲ್ಲಿ ಇಂಗ್ಲಿಷ್ ಪದದ ಪಕ್ಕದಲ್ಲೇ 'ನೋಡುವುದು', 'ಕೊಯ್ಯುವುದು', 'ತೆಗೆಯುವುದು' ಎಂದು ಬರೆಯಲು ಆಸ್ಪತ್ರೆಗಳಿಗೆ ಖರ್ಚೇನೂ ಇಲ್ಲ. ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಇಪ್ಪತ್ತು ತುಂಡುಗಳನ್ನು ಹೇಳಿಕೊಟ್ಟರೆ ಮಕ್ಕಳು ಮನೆಯ ಹಾಳೆಗಳನ್ನು ಓದಬಲ್ಲರು. ಮಹಿಳಾ ಸಂಘಗಳಲ್ಲಿ, ಮಸೀದಿ-ಮದ್ರಸಗಳ ಆರೋಗ್ಯ ಶಿಬಿರಗಳಲ್ಲಿ ಬಿ.ಪಿ. ನೋಡುವುದರ ಜೊತೆಗೆ ಇದೂ ನಡೆಯಲಿ.

ಆ ತಾಯಿ ಕಾಗದವನ್ನು ಮತ್ತೆ ಮಡಚುತ್ತಾ, "ಮೊದಲೇ ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೋ ಏನೋ, ಆದರೆ ಕೇಳಬೇಕಿತ್ತು" ಎಂದರು. ನಮ್ಮ ವಾದವೂ ಇಷ್ಟೇ.