ಮೂಲಪಾಠವೂ ಗಣಕವಿದ್ಯೆಯೂ: ‘ಹೊಸಪೇಟೆ’ ಎಂಬ ಶಬ್ದದ ಪರೀಕ್ಷೆ

ಒಂದೇ ಓಲೆಯ ಪ್ರತಿಯನ್ನು ನೋಡಿದವನು ಗ್ರಂಥದ ಪಾಠವನ್ನು ನಿರ್ಣಯಿಸಲಾರನೆಂಬುದು ವಿದ್ವಾಂಸರಿಗೆ ವಿದಿತವಾದುದೇ. ಹಲವು ಪ್ರತಿಗಳನ್ನು ಹೋಲಿಸಿದಲ್ಲದೆ ಕವಿಯ ಮಾತಾವುದು, ಲಿಪಿಕಾರನ ಪ್ರಮಾದವಾವುದು ಎಂಬುದು ತಿಳಿಯದು. ಗಣಕಕ್ಕೆ ಕ್ರಮವಿಧಿಗಳನ್ನು ಬರೆಯುವ ವಿದ್ಯೆಗೂ ಈ ನ್ಯಾಯವೇ ಸಲ್ಲುವುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

1991ನೆಯ ವರ್ಷವು ಈ ವಿಷಯದಲ್ಲಿ ಸ್ಮರಣೀಯವಾದುದು. ಹಂಪೆಯ ಬಳಿ ಕನ್ನಡ ವಿಶ್ವವಿದ್ಯಾಲಯವು ಸ್ಥಾಪಿತವಾದುದೂ, ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸರು ಲಿನಕ್ಸನ್ನು ಪ್ರಕಟಿಸಿದುದೂ, ಕನ್ನಡ ಲಿಪಿಯನ್ನೊಳಗೊಂಡ ಯೂನಿಕೋಡಿನ ಮೊದಲ ಆವೃತ್ತಿಯು ಹೊರಬಂದುದೂ ಆ ವರ್ಷದಲ್ಲಿಯೇ. ಇದಕ್ಕೂ ಮೊದಲು, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ನರು ಗ್ನೂ ಯೋಜನೆಯನ್ನು ಘೋಷಿಸಿದ್ದರು. ತಂತ್ರಾಂಶದ ಆಕರ ಸಂಕೇತವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದೇ ಅದರ ತತ್ವ.

ಆಕರವು ತೆರೆದಿದ್ದರೆ ಸಾಕು, ಕಲಿಕೆಯು ತಾನಾಗಿ ಬರುವುದೆಂದು ಕೆಲವರು ಹೇಳುವರು. ಈ ಮತವನ್ನು ಪೂರ್ಣವಾಗಿ ಒಪ್ಪಲಾಗದು. ಪ್ರತಿಯು ದೊರೆತ ಮಾತ್ರಕ್ಕೆ ಪರಿಷ್ಕರಣವಾಗುವುದೇ? ಒಂದು ಉದಾಹರಣೆಯನ್ನು ಪರಿಶೀಲಿಸೋಣ.

‘ಹೊಸಪೇಟೆ’ ಎಂಬುದು ನಾಲ್ಕು ಅಕ್ಷರಗಳ ಶಬ್ದ. ಯೂನಿಕೋಡಿನಲ್ಲಿ ಇದಕ್ಕೆ ಎರಡು ರೂಪಗಳುಂಟು. ‘ಹೊ’ ಎಂಬಲ್ಲಿಯ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಊತ್ವಗಳೆಂಬ ಎರಡು ಚಿಹ್ನೆಗಳಾಗಿಯೂ ಬರೆಯಬಹುದು; ‘ಪೇ’ ಎಂಬಲ್ಲಿಯ ಏತ್ವವನ್ನೂ ಹಾಗೆಯೇ ಎತ್ವ ಮತ್ತು ದೀರ್ಘಚಿಹ್ನೆಗಳಾಗಿ ಒಡೆಯಬಹುದು. ಮೊದಲ ರೂಪದಲ್ಲಿ ಶಬ್ದಕ್ಕೆ 7 ಸಂಕೇತಗಳು, ಎರಡನೆಯದರಲ್ಲಿ 9. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ.

1998ರಲ್ಲಿ ಮ್ಯಾಕ್ ಗಣಕಗಳಿಗೆ ಬಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು ಕಡತದ ಹೆಸರನ್ನು ಒಡೆದ ರೂಪದಲ್ಲಿಯೇ ಇಡುತ್ತಿತ್ತು. ಲಿನಕ್ಸಾದರೋ ಸಾಮಾನ್ಯವಾಗಿ ಕೊಟ್ಟುದನ್ನು ಕೊಟ್ಟಂತೆಯೇ ಇಡುವುದು. ಆದುದರಿಂದ ಲಿನಕ್ಸಿನ ಒಂದೇ ಕೋಶದಲ್ಲಿ ‘ಹೊಸಪೇಟೆ’ ಎಂಬ ಎರಡು ಕಡತಗಳು ಅಕ್ಕಪಕ್ಕದಲ್ಲಿರಬಲ್ಲವು. ಒಂದನ್ನು ಅರಸಿದವನಿಗೆ ಇನ್ನೊಂದು ದೊರೆಯದಿರಬಹುದು.

ಹಂಪೆ, ಸಂಡೂರು, ಕಂಪ್ಲಿ ಎಂಬ ನೆರೆಯೂರುಗಳ ಹೆಸರುಗಳಿಗೆ ಈ ಪಾಠಾಂತರವಿಲ್ಲ. ಆ ಮೂರನ್ನೇ ಕೊಟ್ಟು ತನ್ನ ಕ್ರಮವಿಧಿಯನ್ನು ಪರೀಕ್ಷಿಸಿದ ವಿದ್ಯಾರ್ಥಿಯು ಅದು ನಿರ್ದುಷ್ಟವೆಂದೇ ನಂಬುವನು. ಒಂದೇ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಕಲಿತವನಿಗೂ ದೋಷವು ಗೋಚರವಾಗದೆ ಹೋಗಬಹುದು. ಎರಡರಲ್ಲಿ ಹೋಲಿಸಿ ನೋಡಿದವನಿಗೆ ಸಂದೇಹ ಹುಟ್ಟುವುದು. ಸಂದೇಹ ಹುಟ್ಟಿದವನಿಗೆ ತೆರೆದ ಆಕರವು ಉತ್ತರವನ್ನು ಕೊಡುವುದು. ಪೈಥಾನ್ ಭಾಷೆಯಲ್ಲಿ ಈ ಎರಡು ರೂಪಗಳನ್ನು ಏಕೀಕರಿಸುವ ಸಾಧನವುಂಟು. ಅದರ ಆಕರವನ್ನು ಯಾರಾದರೂ ಓದಬಹುದು. ಪ್ರಶ್ನೆಯಿಲ್ಲದೆ ಓದಿದವನಿಗೆ ಮಾತ್ರ ಅದು ಬರಿಯ ಅಕ್ಷರರಾಶಿ.

ಇದು ಯಂತ್ರಜ್ಞರ ಚಿಂತೆ ಮಾತ್ರವೆಂದು ಸಾಹಿತ್ಯದ ಅಧ್ಯಾಪಕರು ಉಪೇಕ್ಷಿಸಲಾಗದು. ಹಸ್ತಪ್ರತಿಗಳ ಸೂಚಿಗಳೂ ಶಾಸನಗಳ ಪಾಠಗಳೂ ಸ್ಥಳನಾಮಗಳ ಪಟ್ಟಿಗಳೂ ಗಣಕವನ್ನು ಸೇರುತ್ತಿರುವ ಈ ಕಾಲದಲ್ಲಿ, ಶೋಧಕ್ಕೆ ಸಿಕ್ಕದುದನ್ನು ಗ್ರಂಥದಲ್ಲಿಯೇ ಇಲ್ಲವೆಂದು ನಿರ್ಣಯಿಸುವ ಅಪಾಯವುಂಟು. ಅಂಥ ನಿರ್ಣಯವು ಒಮ್ಮೆ ಅಚ್ಚಾದರೆ ಅದನ್ನು ತಿದ್ದುವುದು ಸುಲಭವಲ್ಲ. ಪಾಠಾಂತರಗಳನ್ನು ಗುರುತಿಸುವ ಅಭ್ಯಾಸವು ಕನ್ನಡ ವಿದ್ವಾಂಸರಲ್ಲಿ ಹಿಂದಿನಿಂದಲೂ ಇರುವುದು. ಅದನ್ನು ಗಣಕದ ವಿದ್ಯಾರ್ಥಿಗೂ ಕಲಿಸಬೇಕಾದುದು ಯುಕ್ತ.