‘ಲೈಕ್’, ‘ಆಸ್’ ಮತ್ತು ಕನ್ನಡದ ‘ಅಂತೆ’
ಇಂಗ್ಲಿಷಿನ ‘ಲೈಕ್’, ‘ಆಸ್’ ಎರಡಕ್ಕೂ ‘ಅಂತೆ’ ಎಂಬ ಒಂದೇ ಅರ್ಥ ಕೊಡುವ ಬೋಧನಾಕ್ರಮವನ್ನು ನಾವು ಒಪ್ಪಲಾರೆವು. ‘ಹಿ ವರ್ಕ್ಸ್ ಆಸ್ ಎ ಟೀಚರ್’ ಎಂದರೆ ಅವನು ಶಿಕ್ಷಕನಾಗಿ ದುಡಿಯುತ್ತಾನೆ. ‘ಲೈಕ್’ ಇಟ್ಟರೆ ಶಿಕ್ಷಕನಲ್ಲದವನು ಶಿಕ್ಷಕನಂತೆ ದುಡಿಯುತ್ತಾನೆ. ಉಪಮೆ ಇರುವುದು ಎರಡನೆಯದರಲ್ಲಿ ಮಾತ್ರ. ಈ ಭೇದ ಕನ್ನಡದ ‘ಆಗಿ’, ‘ಅಂತೆ’ಗಳಲ್ಲಿ ಸ್ಪಷ್ಟವಾಗಿಯೇ ಇರುವುದರಿಂದ ಇಲ್ಲಿನ ತಪ್ಪಿಗೆ ಮಾತೃಭಾಷೆಯನ್ನು ದೂರುವುದು ಅನ್ಯಾಯ.

ಮಾತೃಭಾಷೆಯ ತೊಡಕು ಬೇರೆಡೆ ಇದೆ. ‘ಹೂವಿನಂತೆ’, ‘ಹೇಳಿದಂತೆ’ ಎರಡರಲ್ಲೂ ನಮಗೆ ಒಂದೇ ರೂಪ. ಶಿಷ್ಟ ಇಂಗ್ಲಿಷ್ ನಾಮಪದಕ್ಕೆ ‘ಲೈಕ್’, ಉಪವಾಕ್ಯಕ್ಕೆ ‘ಆಸ್’ ಬೇಡುತ್ತದೆ. (1954ರ ವಿನ್‌ಸ್ಟನ್ ಸಿಗರೇಟಿನ ಜಾಹೀರಾತು ಈ ನಿಯಮವನ್ನು ಮುರಿದು ಅಮೆರಿಕದ ವ್ಯಾಕರಣಪ್ರಿಯರನ್ನು ಕೆರಳಿಸಿತ್ತು.) ಇಂಗ್ಲಿಷರ ಆಡುಮಾತಿನಲ್ಲೇ ಸಾಮಾನ್ಯವಾಗಿರುವ ‘ಲೈಕ್ ಐ ಸೆಡ್’ ಬರೆದ ವಿದ್ಯಾರ್ಥಿಯ ಅಂಕವನ್ನು, ಅರ್ಥವನ್ನೇ ಕೆಡಿಸುವ ಮೊದಲ ದೋಷಕ್ಕೆ ಸಮನಾಗಿ ಕಳೆಯುವುದು ಸಲ್ಲದೆಂದೇ ನಮ್ಮ ಅಭಿಮತ.