ಎಲೆಮರೆಯ ಕಾಯಿ ಮತ್ತು ಎಲೆ

ಸಾಮಾನ್ಯರ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರುವ ವ್ಯಕ್ತಿಚಿತ್ರಗಳಿಗೆ ಒಂದು ಸಿದ್ಧ ದಾರಿಯಿದೆ. ಮೊದಲು ಬಡತನ, ಆಮೇಲೆ ಛಲ, ಕೊನೆಗೆ ಪ್ರಶಸ್ತಿ. ನಡುವೆ ಎಲ್ಲೋ ಒಂದು ಕಡೆ ‘ಎಲೆಮರೆಯ ಕಾಯಿ’ ಎಂಬ ಮಾತು ಬಂದೇ ಬರುತ್ತದೆ. ಸಂಶೋಧನೆಯ ಕೆಲಸಕ್ಕಾಗಿ ಇಂಥ ಬರಹಗಳನ್ನು ಒಟ್ಟುಮಾಡಿ ಓದುತ್ತಿರುವ ನನ್ನನ್ನು ಈಚೆಗೆ ಒಂದು ಪ್ರಶ್ನೆ ಕಾಡುತ್ತಿದೆ. ಕಾಯಿಯನ್ನು ಇಷ್ಟು ಪ್ರೀತಿಯಿಂದ ತೋರಿಸುವ ನಾವು ಎಲೆಯ ಬಗ್ಗೆ ಯಾಕೆ ಏನೂ ಹೇಳುವುದಿಲ್ಲ?

ಹರೇಕಳ ಹಾಜಬ್ಬರ ಕತೆ ಎಲ್ಲರಿಗೂ ಗೊತ್ತು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿ ಪ್ರವಾಸಿಗರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ನಾಚಿದರು; ತಮ್ಮೂರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ನ್ಯೂಪಡ್ಪುವಿನಲ್ಲಿ ಶಾಲೆಗಾಗಿ ಓಡಾಡಿದರು. 1999ರಲ್ಲಿ ಮದರಸದ ಜಾಗದಲ್ಲಿ ತರಗತಿ ಶುರುವಾಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಈ ಕತೆಯನ್ನು ಹೇಳುವ ಬಹುಪಾಲು ಬರಹಗಳ ಕಣ್ಣು ಬುಟ್ಟಿಯ ಮೇಲೆ, ಬರಿಗಾಲಿನ ಮೇಲೆ ನಿಂತುಬಿಡುತ್ತದೆ. ನನ್ನ ಕಣ್ಣು ಹೋಗುವುದು 1999 ಎಂಬ ಇಸವಿಯ ಕಡೆಗೆ. ಸ್ವಾತಂತ್ರ್ಯ ಬಂದು 50 ವರ್ಷ ದಾಟಿತ್ತು. ಕಾಲೇಜುಗಳಿಗೆ ಹೆಸರಾದ ಮಂಗಳೂರಿನಿಂದ ನೇತ್ರಾವತಿ ದಾಟಿದರೆ ಹರೇಕಳ. ಅಲ್ಲಿನ ಮಕ್ಕಳಿಗೊಂದು ಶಾಲೆ ಬರಲು ಹಣ್ಣು ಮಾರುವವರೊಬ್ಬರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ನಮ್ಮ ಬರಹಗಳು ಈ ಅಲೆದಾಟವನ್ನು ಅವರ ತಾಳ್ಮೆಯ ಖಾತೆಗೆ ಬರೆಯುತ್ತವೆ. ಅಲೆಸಿದವರ ಖಾತೆಗೂ ಅದು ಸೇರಬೇಕಲ್ಲವೇ?

ಪತ್ರಿಕೆಗಳು ಬರೆದದ್ದರಿಂದಲೇ ಹಾಜಬ್ಬರು ನಾಡಿಗೆ ಪರಿಚಯವಾದರು, ಶಾಲೆಗೆ ನೆರವೂ ಬಂತು. ಆ ಉಪಕಾರ ದೊಡ್ಡದು. ಆದರೆ ಸ್ಫೂರ್ತಿ ಎಂಬ ಪದಕ್ಕೆ ಒಂದು ಚಟವಿದೆ. ಅದು ಓದುಗನನ್ನು ಒಂದು ಗಳಿಗೆ ಒದ್ದೆ ಮಾಡಿ, ಆಮೇಲೆ ಅವನನ್ನು ಎಲ್ಲ ಜವಾಬ್ದಾರಿಯಿಂದ ಬಿಟ್ಟುಕೊಡುತ್ತದೆ.

ಬಂಟ್ವಾಳ ತಾಲ್ಲೂಕಿನ ತೆಂಕಣ ತುದಿಯಲ್ಲಿ, ಅಡ್ಯನಡ್ಕದ ಬಳಿ ಇರುವ ಅಮೈ ಮಹಾಲಿಂಗ ನಾಯ್ಕರನ್ನು ನೋಡಿ. ಅಡಿಕೆ, ತೆಂಗಿನ ಮರ ಹತ್ತುವ ಕೂಲಿಯವರಾಗಿದ್ದ ಅವರು ತಮಗೆ ಸಿಕ್ಕ ಬರಡು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಒಂದಾದ ಮೇಲೊಂದು ಸುರಂಗ ನೀರಿಲ್ಲದೆ ವ್ಯರ್ಥವಾದರೂ ನಿಲ್ಲಿಸಲಿಲ್ಲ. ಕೊನೆಗೆ ನೀರು ಬಂತು, ತೋಟ ಎದ್ದಿತು, 2022ರಲ್ಲಿ ಪದ್ಮಶ್ರೀ ಬಂತು. ಪತ್ರಿಕೆಗಳು ಅವರನ್ನು ‘ಆಧುನಿಕ ಭಗೀರಥ’ ಎಂದವು. ಹೊಗಳಿಕೆಯೇ ಇದು. ಆದರೆ ಭಗೀರಥನದು ತಪಸ್ಸು, ನಾಯ್ಕರದು ವಿದ್ಯೆ. ಮುರಕಲ್ಲಿನ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದು, ಜಿನುಗುವ ನೀರನ್ನು ಪಂಪಿಲ್ಲದೆ ಇಳಿಜಾರಿನಲ್ಲೇ ಹೊರಗೆ ಹರಿಸುವ ಸುರಂಗ ಕಾಸರಗೋಡು, ದಕ್ಷಿಣ ಕನ್ನಡದ ಹಳೆಯ ತಂತ್ರಜ್ಞಾನ. ಮಣ್ಣಿನ ತೇವ, ಬಂಡೆಯ ಗಟ್ಟಿತನ, ಕುಸಿತದ ಸೂಚನೆ ಎಲ್ಲವನ್ನೂ ಕೈ ಓದಬೇಕು. ಪುರಾಣದ ಹೆಸರು ಕೊಟ್ಟ ತಕ್ಷಣ ಈ ಓದು ಕಾಣದಾಗುತ್ತದೆ. ಶ್ರೀ ಪಡ್ರೆಯವರ ನೀರಿನ ಬರಹಗಳು ನನಗೆ ಮುಖ್ಯವೆನಿಸುವುದು ಇದಕ್ಕೇ. ಅವು ಮನುಷ್ಯನನ್ನು ಹೊಗಳುವ ಮೊದಲು ಅವನ ಕೆಲಸವನ್ನು ವಿವರಿಸುತ್ತವೆ.

ತೇಜಸ್ವಿಯವರ ‘ಕರ್ವಾಲೊ’ದ ಮಂದಣ್ಣ ಈ ದೃಷ್ಟಿಯಿಂದ ದೊಡ್ಡ ಪಾಠ. ಜೇನು ಹಿಡಿಯುವ ಈ ಹಳ್ಳಿಗ ಕಳ್ಳಭಟ್ಟಿಯ ಪ್ರಕರಣದಲ್ಲಿ ಸಿಕ್ಕಿಬೀಳುತ್ತಾನೆ. ಮಾದರಿ ಪುರುಷನಾಗುವ ಯಾವ ಲಕ್ಷಣವೂ ಅವನಿಗಿಲ್ಲ. ಆದರೂ ವಿಜ್ಞಾನಿ ಕರ್ವಾಲೊ ಅವನನ್ನು ಹುಡುಕಿಕೊಂಡು ಬರುತ್ತಾರೆ, ಏಕೆಂದರೆ ಕಾಡಿನ ಬಗ್ಗೆ ಅವನಿಗೆ ಗೊತ್ತಿರುವುದು ಅವರಿಗೆ ಬೇಕು. ಕಾದಂಬರಿ ಮಂದಣ್ಣನಿಗೆ ಹಾರ ಹಾಕುವುದಿಲ್ಲ, ಅವನ ಮಾತು ಕೇಳಿಸಿಕೊಳ್ಳುತ್ತದೆ. ಗೌರವವೆಂದರೆ ಇಷ್ಟೇ ಎಂದು ನನಗನ್ನಿಸುತ್ತದೆ.

ಎಲೆಯನ್ನೂ ಹೆಸರಿಸುವ ಕ್ರಮ ಇನ್ನೂ ಹಳೆಯದು, ಮತ್ತು ಅದು ನಮ್ಮ ನೆಲದ್ದೇ. ಸಿದ್ಧಕಟ್ಟೆಯಲ್ಲಿ ಬೆಳೆದ ನನಗೆ ಕಲ್ಕುಡ, ಕಲ್ಲುರ್ಟಿಯರು ಪುಸ್ತಕಕ್ಕೆ ಮೊದಲೇ ಕೋಲದ ರಾತ್ರಿಗಳಲ್ಲಿ ಸಿಕ್ಕ ಹೆಸರುಗಳು. ತುಳು ಪಾಡ್ದನದಲ್ಲಿ ಕಲ್ಕುಡ ಕಲ್ಲುಕುಟಿಗ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಮೇಲೆ, ಇಂಥದ್ದು ಇನ್ನೊಂದು ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಉಳಿದ ಕೈಯಲ್ಲೇ ಅವನು ನಮ್ಮ ಪಕ್ಕದ ವೇಣೂರಿಗೆ ಹೋಗಿ ಇನ್ನೊಬ್ಬ ಗೊಮ್ಮಟನನ್ನು ಕೆತ್ತುತ್ತಾನೆ. ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ನಡುವೆ 172 ವರ್ಷ. ಚರಿತ್ರೆ ಈ ಕತೆಯನ್ನು ಒಪ್ಪಲಾರದು. ಆದರೆ ಶಾಸನ ಮೂರ್ತಿ ನಿಲ್ಲಿಸಿದ ಅರಸನ ಹೆಸರು ಹೇಳಿದರೆ, ಪಾಡ್ದನ ಕೆತ್ತಿದವನನ್ನೂ ಕಡಿಸಿದವನನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಅಣ್ಣ ತಂಗಿ ದೈವವಾಗಿ ಕಾರ್ಕಳಕ್ಕೆ ಮರಳಿ ಲೆಕ್ಕ ಕೇಳುತ್ತಾರೆ. ಅಲ್ಲಿ ಸಾಮಾನ್ಯನ ಹಿರಿಮೆ ಹಾಡುವುದೆಂದರೆ ಅನ್ಯಾಯವನ್ನು ನೆನಪಿಡುವುದು.

ಈ ವಾದ ನನಗೆ ಬರೀ ಪ್ರಬಂಧದ ಅಧ್ಯಾಯವಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಮ್ಮ ಮನೆಯಲ್ಲೂ ಓದಿನ ಫೀಸು ಬಂದದ್ದು ಬೀಡಿಯಿಂದ. ನಾಳೆ ಯಾರಾದರೂ ನನ್ನ ಅಜ್ಜಿಯ ಬಗ್ಗೆ ಬರೆದು ‘ಬೀಡಿ ಕಟ್ಟಿ ಮೊಮ್ಮಗಳನ್ನು ಪಿಎಚ್‌ಡಿವರೆಗೆ ಓದಿಸಿದ ಮಹಾತಾಯಿ’ ಎಂದರೆ ಮನೆಯವರು ಹಿಗ್ಗಬಹುದು. ನಾನು ಮಾತ್ರ ಆ ಬರಹದಲ್ಲಿ ಬೇರೆ ವಿಷಯಗಳನ್ನು ಹುಡುಕುತ್ತೇನೆ. ಎಲೆಯನ್ನು ಹದವಾಗಿ ನೆನೆಸಿ, ನರ ನೋಡಿ ಕತ್ತರಿಸುವ ಆ ಬೆರಳುಗಳ ಲೆಕ್ಕಾಚಾರ ಅದರಲ್ಲಿದೆಯೇ? ಸಾವಿರ ಬೀಡಿಗೆ ಎಷ್ಟು ಕೂಲಿ, ತಿರಸ್ಕೃತ ಬೀಡಿಯ ನಷ್ಟ ಯಾರ ತಲೆಗೆ, ತಂಬಾಕಿನ ಧೂಳಿನ ಕೆಮ್ಮಿಗೆ ಮದ್ದು ಯಾರ ದುಡ್ಡಿನಲ್ಲಿ ಎಂದು ಬರೆದಿದ್ದಾರೆಯೇ?

ಸಾಮಾನ್ಯರ ಬಗ್ಗೆ ಬರೆಯುವವರು ಇನ್ನೂ ಹೆಚ್ಚಲಿ. ಹೊಗಳಿಕೆ ಒಂದು ವಾಕ್ಯ ಕಡಿಮೆಯಾದರೂ ಚಿಂತೆಯಿಲ್ಲ. ಆ ಜಾಗದಲ್ಲಿ ಕೂಲಿಯ ದರ ಬರೆಯಿರಿ.